ನಿಮಗಿದು ಗೊತ್ತೇ? ಬಸವಣ್ಣನೇ ಮೂಲದೇವರಾದ ಕುರುಗೋಡು

ಶಿವನ ಗುಡಿಗೆ ಹೋದರೆ ಬಸವಣ್ಣ ಲಿಂಗದ ಎದುರು ಕೂತಿರುತ್ತಾನೆ. ಬಳ್ಳಾರಿ ಜಿಲ್ಲೆಯ ಕುರುಗೋಡಿನಲ್ಲಿ ಗರ್ಭಗುಡಿಯೇ ಅವನದು. ಸುಮಾರು 12 ಅಡಿ ಎತ್ತರದ, ಒಂದೇ ಕಲ್ಲಿನಲ್ಲಿ ಕಡೆದ ದೊಡ್ಡಬಸವೇಶ್ವರ ಇಲ್ಲಿಯ ಮೂಲದೇವರು. ಪೂಜೆ, ಹರಕೆ, ತೇರು ಎಲ್ಲವೂ ಅವನ ಹೆಸರಿಗೇ.

ಮೈಸೂರಿನ ಚಾಮುಂಡಿ ಬೆಟ್ಟದ ನಂದಿ ಸುಮಾರು 16 ಅಡಿ ಎತ್ತರ, ಬೆಂಗಳೂರಿನ ಬಸವನಗುಡಿಯವನು ಸುಮಾರು 15 ಅಡಿ. ಗಡಿಯಾಚೆಯ ಲೇಪಾಕ್ಷಿಯ ಬಸವನೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅವನು ಬಯಲಲ್ಲಿ ಕೂತಿದ್ದಾನೆ. ಕುರುಗೋಡಿನವನಿಗೆ ಹತ್ತಿರದ ನೆಂಟನೆಂದರೆ ಬೆಂಗಳೂರಿನವನೇ. ಇಬ್ಬರಿಗೂ ಸ್ವಂತ ಗುಡಿಯಿದೆ.

ಇವತ್ತು ತಾಲ್ಲೂಕು ಕೇಂದ್ರವಾಗಿರುವ ಕುರುಗೋಡು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಕಲ್ಯಾಣ ಚಾಲುಕ್ಯರ ಸಾಮಂತರಾದ, ತಾವು ನಾಗವಂಶದವರೆಂದು ಹೇಳಿಕೊಂಡ ಸಿಂದರು ಇಲ್ಲಿಂದಲೇ ‘ಬಳ್ಳಕುಂದೆ ಮುನ್ನೂರು’ ನಾಡನ್ನು ಆಳಿದರು. ನಾಡಿನ ಹೆಸರು ಉಳಿಸಿಕೊಂಡ ಬಳ್ಳಕುಂದಿ ಈಗ ಸಿರುಗುಪ್ಪ ಸೀಮೆಯ ಒಂದು ಹಳ್ಳಿ. ಕುರುಗೋಡಿನ ಗುಡ್ಡದ ಕೋಟೆ ಮತ್ತು ಹಳೆಯ ಊರಿನ ಚಾಲುಕ್ಯ ಶೈಲಿಯ ಗುಡಿಗಳನ್ನು ನೋಡದೆ ದೊಡ್ಡಬಸವನಿಗೆ ಕೈಮುಗಿದು ಬಸ್ಸು ಹತ್ತಿದವರು ಅರ್ಧ ಕುರುಗೋಡನ್ನಷ್ಟೇ ಕಂಡಂತೆ.

ಆ ಗುಡಿಗಳ ಮುಂದೆ ನಿಂತಾಗ ಕಲ್ಲನ್ನೇ ಮೊದಲು ಗಮನಿಸಿ. ಕುರುವತ್ತಿ, ಬಾಗಳಿ, ಹಡಗಲಿ ಕಡೆಯ ಶಿಲ್ಪಿಗಳಿಗೆ ಸಿಕ್ಕದ್ದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಅದು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಆದ್ದರಿಂದಲೇ ಕಂಬಗಳನ್ನು ತಿರುಗಣಿಗೆ ಕೊಟ್ಟು ಬಳೆಬಳೆಯಾಗಿ ಕಡೆಯುವುದು, ಕುರುವತ್ತಿಯ ಮದನಿಕೆಯರ ಮೈಮೇಲೆ ಎಳೆಎಳೆಯಾದ ಹಾರ ಬಿಡಿಸುವುದು ಅಲ್ಲಿ ಸಾಧ್ಯವಾಯಿತು. ಬಳ್ಳಾರಿ–ಕುರುಗೋಡಿನ ಗುಡ್ಡಗಳೋ ಗ್ರಾನೈಟ್. ಈ ಕಲ್ಲು ಸುಲಭಕ್ಕೆ ಉಳಿಗೆ ಮಣಿಯುವುದಿಲ್ಲ; ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು ಸೀಳಬೇಕು. ಅಂಥ ಕಲ್ಲಿನಲ್ಲಿ ಕುಸುರಿಗಿಂತ ಗಾತ್ರ ಮಾತಾಡುತ್ತದೆ. 12 ಅಡಿಯ ಬಸವನನ್ನು ಸೀಳು ಬಾರದಂತೆ ಕಡೆದು ನಿಲ್ಲಿಸಿದವರ ಕೈಚಳಕ ಮದನಿಕೆ ಕಡೆದವರದ್ದಕ್ಕಿಂತ ಒಂದು ಗುಂಜಿಯೂ ಕಡಿಮೆಯಲ್ಲ.

ಇಂಥ ಗುಡಿಗಳ ಬಗ್ಗೆ ಓದಬೇಕೆನ್ನುವವರಿಗೆ ಹಳೆಯ ಪುಸ್ತಕವೊಂದಿದೆ. ಚಾಲುಕ್ಯ ವಾಸ್ತುಶಿಲ್ಪದ ಮೇಲಿನ ಅಲೆಕ್ಸಾಂಡರ್ ರೀ ಅವರ ಈ ಪುಸ್ತಕ 1896ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಅದರ ನಕ್ಷೆ, ಚಿತ್ರಗಳೆಲ್ಲ ಅಂದಿನ ಬಳ್ಳಾರಿ ಜಿಲ್ಲೆಯ ಗುಡಿಗಳವು. ಅವುಗಳಲ್ಲಿ ಹೆಚ್ಚಿನವು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ.

ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು; ಬ್ರಿಟಿಷರ ಕಾಲದಲ್ಲಿ ಅದು ಮದರಾಸು ಪ್ರಾಂತ್ಯದಲ್ಲಿತ್ತು. ಹೀಗಾಗಿ ಈ ಸೀಮೆಯ ಕನ್ನಡ ಶಾಸನಗಳನ್ನು, ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಹುಡುಕಬೇಡಿ. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳಿಗೆಂದೇ ಮೀಸಲಾದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೇ ಸಂಪುಟದಲ್ಲಿ ನೋಡಿ.

ಬಳ್ಳಕುಂದಿಯಿರುವ ಸಿರುಗುಪ್ಪ ಎಂದೊಡನೆ ಭತ್ತ ನೆನಪಾಗುತ್ತದೆ. ಅಲ್ಲಿಯ ಗದ್ದೆಗಳಿಗೆ ತುಂಗಭದ್ರೆಯ ನೀರು ತಂದ ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಅರಸರ ಕಾಲದವು. ಅದೇ ತಾಲ್ಲೂಕಿನ ನಿಟ್ಟೂರು, ಉಡೇಗೋಳಂ ಬಂಡೆಗಳಲ್ಲಿ ಮೌರ್ಯ ಚಕ್ರವರ್ತಿಯ ಶಾಸನಗಳಿವೆ. ‘ಅಶೋಕ’ ಎಂಬ ಹೆಸರೇ ಕೆತ್ತಿರುವ ಶಾಸನಗಳು ದೇಶದಲ್ಲೇ ಬೆರಳೆಣಿಕೆಯಷ್ಟು. ಅವುಗಳಲ್ಲಿ ಈ ಎರಡೂ ಸೇರಿವೆ.

ಮತ್ತೆ ಬಸವನ ಮಾತಿಗೆ ಬಂದರೆ, ಬಳ್ಳಾರಿ ನಗರದ ಕನಕದುರ್ಗಮ್ಮನ ಜಾತ್ರೆಯ ಸಿಡಿಬಂಡಿ ಎಳೆಯುವುದು ಎತ್ತುಗಳೇ. ನೆರೆದ ಜನಸಾಗರದ ನಡುವೆ ಅವು ಗುಡಿಯನ್ನು ಸುತ್ತುತ್ತವೆ.

ಈ ನೆಲದಲ್ಲಿ ಬಸವನ ಹೆಜ್ಜೆ ಎಷ್ಟು ಹಳೆಯದು ಗೊತ್ತೇ? ಕುಡತಿನಿಯ ಬೂದಿದಿಬ್ಬ ಹಿಡಿಂಬಾಸುರನ ಚಿತಾಭಸ್ಮವೆಂದು ಜನ ಹೇಳುತ್ತ ಬಂದರು. ಅದು ನವಶಿಲಾಯುಗದ ದನಗಾಹಿಗಳು ಮತ್ತೆ ಮತ್ತೆ ಸುಟ್ಟ ಸಗಣಿಯ ರಾಶಿ ಎಂದು ಪುರಾತತ್ವಜ್ಞರು ತೋರಿಸಿಕೊಟ್ಟಿದ್ದಾರೆ. ಬಳ್ಳಾರಿ ನಗರದ ಪಕ್ಕದಲ್ಲೇ ಇರುವ ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡಕ್ಕೆ ಹೋದರೆ ಕರಿಬಂಡೆಗಳ ತುಂಬ ಉದ್ದ ಕೊಂಬಿನ, ಡುಬ್ಬದ ಎತ್ತುಗಳ ಗೀರುಚಿತ್ರಗಳು. 1892ರಲ್ಲೇ ಫಾಸೆಟ್ ಎಂಬ ಇಂಗ್ಲಿಷ್ ಅಧಿಕಾರಿ ಇವುಗಳ ಬಗ್ಗೆ ಬರೆದಿದ್ದ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಕಲ್ಲಿನಿಂದ ಅಲ್ಲಿ ಬಡಿದರೆ ಜಾಗಟೆಯ ನಾದ ಹೊಮ್ಮುತ್ತದೆ. ಗರ್ಭಗುಡಿ, ಶಿಖರ ಎಂಬುದೆಲ್ಲ ಬರುವ ಸಾವಿರಾರು ವರ್ಷ ಮೊದಲೇ ಇಲ್ಲಿಯ ಜನ ಎತ್ತನ್ನು ಕಲ್ಲಿಗಿಳಿಸಿದ್ದರು. ಕುರುಗೋಡಿನ ಶಿಲ್ಪಿ ಆ ಚಿತ್ರಗಳನ್ನು ಕಂಡಿದ್ದನೆಂದು ನಾನು ಹೇಳುತ್ತಿಲ್ಲ. ದನದ ಮೇಲಿನ ಅಕ್ಕರೆ ಮಾತ್ರ ಈ ಸೀಮೆಗೆ ಹೊಸದಲ್ಲ.

ಹಿರೇಗುಡ್ಡದ ಮಗ್ಗುಲಲ್ಲಿ ಜಲ್ಲಿಗಾಗಿ ಬಂಡೆ ಒಡೆದು ಎಷ್ಟೋ ನಷ್ಟವಾಗಿದೆ. ಊರಿನ ಗುಡಿಗಳಲ್ಲಿ ಶಾಸನದ ಅಕ್ಷರಗಳ ಮೇಲೆ ಸುಣ್ಣ, ಆಯಿಲ್ ಪೇಂಟ್ ಬಳಿಯುವುದೂ ನಿಂತಿಲ್ಲ. ಓದುಗರೇ, ನಿಮ್ಮೂರ ಗುಡಿಯ ಜೀರ್ಣೋದ್ಧಾರಕ್ಕೆ ಚಂದಾ ಕೊಡುವಾಗ ಒಂದು ಮಾತು ಕೇಳಿ ಪಡೆಯಿರಿ: ಕಲ್ಲಿಗೆ ಬಣ್ಣ ಬೇಡ, ಶಾಸನದ ಕಲ್ಲನ್ನು ಪುರಾತತ್ವ ಇಲಾಖೆಗೆ ತೋರಿಸದೆ ಕದಲಿಸುವುದು ಬೇಡ.