ಸಪ್ತಮೀ ವಿಭಕ್ತಿಯೂ ಗಣಕಯಂತ್ರವೂ

ಮತತತ್ತ್ವದ ಮಹಾಪ್ರಶ್ನೆಯೊಂದು ವ್ಯಾಕರಣದ ಕಿರಿಯ ಪದವೊಂದನ್ನು ಆಶ್ರಯಿಸಿ ನಿಲ್ಲುವುದುಂಟು. ಇಟಲಿಯ ಜೆಸುಯಿಟ್ ಪಾದ್ರಿ ರೊಬೆರ್ತೊ ಬೂಸಾ (1913–2011) ಅವರ ವಿದ್ವಜ್ಜೀವನವು ಇದಕ್ಕೆ ನಿದರ್ಶನ. 13ನೆಯ ಶತಮಾನದ ಕ್ರೈಸ್ತಾಚಾರ್ಯ ಟಾಮಸ್ ಅಕ್ವೈನಸನ ಗ್ರಂಥಗಳಲ್ಲಿ ‘ಸಾನ್ನಿಧ್ಯ’ದ ವಿಚಾರವನ್ನು ಶೋಧಿಸಹೊರಟ ಅವರಿಗೆ ಸಾನ್ನಿಧ್ಯವಾಚಕ ಪದಗಳಿಂದ ಪ್ರಯೋಜನವಾಗಲಿಲ್ಲ, ವಿಷಯವು ಲ್ಯಾಟಿನಿನ ‘ಇನ್’ ಎಂಬ, ಕನ್ನಡದ ಸಪ್ತಮಿಯ ಅರ್ಥವುಳ್ಳ ಕಿರುಪದದಲ್ಲಿ ಅಡಗಿದ್ದಿತು. ಅಂಥ ವಾಕ್ಯಗಳನ್ನು ಅವರು 10,000 ಚೀಟಿಗಳಲ್ಲಿ ಕೈಯಾರೆ ಬರೆದುಕೊಂಡರು. ಪ್ರಬಂಧವು 1946ರಲ್ಲಿ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ಅಂಗೀಕೃತವಾಯಿತು.

ಸಮಗ್ರ ಪದಸೂಚಿಯು ಒಬ್ಬನ ಕೈಬರಹದಿಂದ ಸಾಗತಕ್ಕದ್ದಲ್ಲವೆಂದು ಕಂಡು, 1949ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಐ.ಬಿ.ಎಂ. ಸಂಸ್ಥೆಯ ಟಾಮಸ್ ವಾಟ್ಸನ್ನರ ನೆರವನ್ನು ಪಡೆದರು. ಮೊದಲ ಸಾಧನವು ತೂತು ಕೊರೆದ ರಟ್ಟಿನ ಚೀಟಿ. ಅವನ್ನು ಕೊರೆದವರಲ್ಲಿ ಬಹುಮಂದಿ ತರುಣಿಯರು. ಅವರ ಹೆಸರುಗಳನ್ನು ವಿದ್ವಲ್ಲೋಕವು ಬಹುಕಾಲ ವಿಚಾರಿಸಲೇ ಇಲ್ಲವೆಂಬುದು ಶೋಚನೀಯ. 1 ಕೋಟಿಗೆ ಮೀರಿದ ಪದಗಳ ‘ಇಂಡೆಕ್ಸ್ ಥೊಮಿಸ್ಟಿಕಸ್’ 1974ರಿಂದ 1980ರೊಳಗಾಗಿ 56 ಸಂಪುಟಗಳಲ್ಲಿ ಹೊರಬಂದಿತು. ಎಣಿಸಿದುದೂ ಜೋಡಿಸಿದುದೂ ಯಂತ್ರವೇ ಸರಿ. ಆದರೆ ಯಾವ ರೂಪಕ್ಕೆ ಯಾವ ಪ್ರಾತಿಪದಿಕವೆಂಬ ನಿರ್ಣಯವು ಪಂಡಿತರದಾಗಿತ್ತು. ಋಗ್ವೇದಕ್ಕೆ ಪದಪಾಠವನ್ನು ಕಟ್ಟಿದ ಶಾಕಲ್ಯನ ಕಾರ್ಯವೂ ಈ ಜಾತಿಯದೇ.

ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವು ಬೆಳಗಾವಿಯಲ್ಲಿ ಅಚ್ಚಾದುದು 1923ರಲ್ಲಿ. ಇಂದು ‘ವಚನ ಸಂಚಯ’ದ ಮೂಲಕ 20,000ಕ್ಕೂ ಮಿಕ್ಕ ವಚನಗಳು ಗಣಕದಲ್ಲಿಯೇ ಶೋಧಕ್ಕೆ ದೊರೆಯುತ್ತವೆ. ಲಿಂಗಾಂಗ ಸಂಬಂಧವನ್ನು ವಿಚಾರಿಸುವವನಿಗೂ ಬೂಸಾರವರ ಪ್ರಶ್ನೆಯೇ ಎದುರಾಗುತ್ತದೆ: ಯಾವುದರಲ್ಲಿ ಯಾವುದು ಇದೆ? ಆದರೆ ಲ್ಯಾಟಿನಿನ ‘ಇನ್’ ಬಿಡಿಪದ. ಕನ್ನಡದ ಸಪ್ತಮಿ ಪ್ರಕೃತಿಗೆ ಅಂಟಿಕೊಂಡ ಪ್ರತ್ಯಯ. ಕೇವಲ ಅಕ್ಷರಗಳನ್ನು ಹೋಲಿಸುವ ಯಂತ್ರಕ್ಕೆ ‘ಒಳಗೆ’ ಎಂದು ಕೊಟ್ಟರೆ ‘ಎನ್ನೊಳಗೆ’ ಎಂಬುದು ಸಿಕ್ಕದು. ಸಂಧಿಯಲ್ಲಿ ಸ್ವರವು ಗುಣಿತಚಿಹ್ನೆಯಾಗಿರುತ್ತದಷ್ಟೆ. ‘ಮನದಲ್ಲಿ’ ಎಂಬುದು ಸಿಕ್ಕಲೆಂದು ‘ಲ್ಲಿ’ ಎಂದಷ್ಟೇ ಕೊಟ್ಟರೆ ‘ಎಲ್ಲಿ’, ‘ಇಲ್ಲಿ’ಗಳ ಜೊತೆಗೆ ಅಕ್ಕಮಹಾದೇವಿಯ ಅಂಕಿತವಾದ ಚೆನ್ನಮಲ್ಲಿಕಾರ್ಜುನನೂ ಸಪ್ತಮೀ ವಿಭಕ್ತಿಯಾಗಿ ಎಣಿಕೆಗೆ ಬರುವನು! ಪದಚ್ಛೇದವಿಲ್ಲದ ಎಣಿಕೆಯಿಂದ ತತ್ತ್ವನಿರ್ಣಯಕ್ಕಿಳಿಯುವುದು ಸಾಹಸವೇ ಸರಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ತೊಡಕು ಇನ್ನೂ ಒಂದು ಸುತ್ತು ಹೆಚ್ಚು. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ಉಳವಿಗೆ ಸಾಗಿದ ದಾರಿ ಇದೆಂದೂ, ಮಲಪ್ರಭೆಯ ತೀರದ ಮುಗುಟಖಾನ ಹುಬ್ಬಳ್ಳಿಯು ಗಂಗಾಂಬಿಕೆಯ ಐಕ್ಯಸ್ಥಳವೆಂದೂ ಐತಿಹ್ಯವಿದೆ. ಇಲ್ಲಿಯ ಆಡುಮಾತಿನಲ್ಲಿ ಸಪ್ತಮಿಯು ‘ಮನ್ಯಾಗ’, ‘ಊರಾಗ’ ಎಂದಾಗುತ್ತದೆ. ಬಾಯಿಪಾಠದ ಪದಗಳನ್ನು ಸಂಗ್ರಹಿಸಿ ಗಣಕಕ್ಕೇರಿಸುವಾಗ ಈ ‘ಆಗ’ವನ್ನು ಕಾಲವಾಚಕ ಅವ್ಯಯವಾದ ‘ಆಗ’ದಿಂದ ಬೇರ್ಪಡಿಸಬೇಕು. ಊರಿನ ಅಧ್ಯಾಪಕನಿಗೆ ಅದು ಕಿವಿಗೆ ಬಿದ್ದೊಡನೆ ತಿಳಿಯುತ್ತದೆ. ಚೀಟಿಯಲ್ಲಿ ಗುರುತು ಹಾಕತಕ್ಕವನೂ ಅವನೇ.