ಹಾಡು ಮುಂದೆ, ತುಟಿ ಹಿಂದೆ



ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟದ ಬಳಿ ನಮ್ಮ ಕಾಲೇಜು ಮಕ್ಕಳು ತಮ್ಮದೇ ಹಾಡಿಗೆ ಚಿತ್ರ ತೆಗೆಯಲು ಹೊರಟಿದ್ದಾರೆನ್ನಿ. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಕಾಲದಲ್ಲಿ ನಟರು ಕ್ಯಾಮೆರಾದ ಮುಂದೆಯೇ ಹಾಡಬೇಕಿತ್ತು. ಈಗ ಹಾಗಲ್ಲ. ಹಾಡನ್ನು ಮೊದಲೇ ಮುದ್ರಿಸಿ, ಸ್ಪೀಕರಿನಲ್ಲಿ ಹಾಕಿ, ಅದಕ್ಕೆ ಸರಿಯಾಗಿ ತುಟಿ ಆಡಿಸುತ್ತಾರೆ.

ಮನೆಗೆ ಬಂದು ನೋಡಿದರೆ ಹಾಡು ಮುಂದೆ, ತುಟಿ ಹಿಂದೆ! ಎಲ್ಲರೂ ಹಾಡಿದ ಹುಡುಗಿಯನ್ನೇ ದೂರುತ್ತಾರೆ. ತಪ್ಪು ಅವಳದಲ್ಲ, ದೂರದ್ದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಸ್ಪೀಕರು 34 ಮೀಟರ್ ಆಚೆಗಿದ್ದರೆ ಹಾಡು ಅವಳ ಕಿವಿಗೆ ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ ತಲಪುತ್ತದೆ. ಸೆಕೆಂಡಿಗೆ 25 ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿ ಅದು ಎರಡೂವರೆ ಚಿತ್ರದಷ್ಟು ಅಂತರ. 'ಅಮ್ಮ' ಎನ್ನುವಾಗ ಕನ್ನಡದಲ್ಲೂ ತಮಿಳಿನಲ್ಲೂ ತುಟಿ ಮುಚ್ಚಲೇಬೇಕಲ್ಲವೇ? ಮೋಸ ಅಲ್ಲೇ ಬಯಲಾಗುತ್ತದೆ.

ಪರಿಹಾರ ಸುಲಭ. ಸ್ಪೀಕರನ್ನು ಹಾಡುವವಳ ಹತ್ತಿರವೇ, ಚಿತ್ರಕ್ಕೆ ಬೀಳದಂತೆ ಇಡಿ. ದೂರದಿಂದ ತೆಗೆಯುವಾಗ ಅವಳ ಸೆರಗಿನ ಮರೆಯಲ್ಲಿ ಒಂದು ಮೊಬೈಲು ಸಾಕು.

ನಡುವೆ ಸ್ಪೀಕರೇ ಕೆಟ್ಟರೆ? ಗಂಟು ಕಟ್ಟಿ ಇಳಿದು ಬರಬೇಡಿ. ಬಾಯಿ ಕಾಣದ ಚಿತ್ರಗಳನ್ನು ತೆಗೆಯಿರಿ: ಮೆಟ್ಟಿಲೇರುವ ಪಾದ, ತಮಟೆಯ ಮೇಲಿನ ಬೆರಳು, ಬೆನ್ನು ತಿರುಗಿಸಿ ಊರು ನೋಡುವ ಗೆಳತಿಯರು. ತುಟಿ ತಪ್ಪಿದ ಕಡೆಯಲ್ಲೆಲ್ಲ ಇವನ್ನು ಸೇರಿಸಬಹುದು. ಮೋಡ ಕವಿಯುವ ದಿನವಾದರೆ ಮುಖದ ಚಿತ್ರಗಳನ್ನು ಮೊದಲು ಮುಗಿಸಿ.

ಇನ್ನು ಮುಂದೆ ತುಟಿ ತಪ್ಪಿದರೆ ಹುಡುಗಿಯನ್ನು ಗದರಿಸುವ ಮುನ್ನ, ಸ್ಪೀಕರು ಎಷ್ಟು ದೂರವಿತ್ತೆಂದು ಹೆಜ್ಜೆ ಹಾಕಿ ಅಳೆಯಿರಿ.