ವಿಡಿಯೊ ಮಾಡುತ್ತಾ ಕಲಿಯುವ ಭೌತವಿಜ್ಞಾನ

ಮೇಲಕ್ಕೆ ಎಸೆದ ಚೆಂಡು ಗರಿಷ್ಠ ಎತ್ತರ ತಲಪಿದ ಕ್ಷಣದಲ್ಲಿ ಅದರ ವೇಗ ಸೊನ್ನೆ. ಆಗ ವೇಗೋತ್ಕರ್ಷ ಎಷ್ಟು? ಚಲನೆಯ ಸಮೀಕರಣಗಳನ್ನು ಬಾಯಿಪಾಠ ಒಪ್ಪಿಸಬಲ್ಲ ಪದವಿ ವಿದ್ಯಾರ್ಥಿಗಳಲ್ಲೂ ಅನೇಕರು 'ಅದೂ ಸೊನ್ನೆ' ಎನ್ನುತ್ತಾರೆ. ಲೆಕ್ಕ ಬಿಡಿಸಿ ಅಂಕ ಗಳಿಸುವವರೆಗೆ ಈ ತಪ್ಪು ಹೊರಬೀಳುವುದೇ ಇಲ್ಲ.

ಪಾಠದ ವಿಡಿಯೊವನ್ನು ವಿದ್ಯಾರ್ಥಿಗಳೇ ತಯಾರಿಸಿದರೆ ಅದು ಹೊರಬೀಳುತ್ತದೆ. ನನ್ನ ವಿದ್ಯಾರ್ಥಿಗಳ ತಂಡವೊಂದು ಪರ್ಕಳದ ಮನೆಯಂಗಳದಲ್ಲಿ ಈ ಪ್ರಯೋಗ ನಡೆಸಿತು. ಬೇಕಾದದ್ದು ಇಷ್ಟೇ: ಅಲುಗಾಡದಂತೆ ನಿಲ್ಲಿಸಿದ ಮೊಬೈಲ್, ಒಂದು ಚೆಂಡು, ಅದು ಚಲಿಸುವ ಸಮತಲದಲ್ಲೇ ಇರಿಸಿದ ಮೀಟರ್ ಕೋಲು. ಕೋಲು ಚೆಂಡಿಗಿಂತ ಹಿಂದಿದ್ದರೆ ಅಳತೆ ತಪ್ಪುತ್ತದೆ.

ಸೆಕೆಂಡಿಗೆ 30 ಬಿಡಿಚಿತ್ರ ತೆಗೆಯುವ ವಿಡಿಯೊದಲ್ಲಿ ಪ್ರತಿ ಮೂರನೆಯ ಚಿತ್ರ 0.1 ಸೆಕೆಂಡಿನ ಅಂತರ ತೋರಿಸುತ್ತದೆ. ಕೈಬಿಟ್ಟ ಚೆಂಡು ಗಾಳಿಯ ತಡೆ ನಗಣ್ಯವಾಗಿದ್ದಾಗ ಮೊದಲ ನಾಲ್ಕು ಅಂತರಗಳಲ್ಲಿ ಸುಮಾರು 4.9, 14.7, 24.5, 34.3 ಸೆಂ.ಮೀ. ಬೀಳುತ್ತದೆ. ಇವುಗಳ ಅನುಪಾತ 1:3:5:7. ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ವಿವರಿಸಿದ ಬೆಸಸಂಖ್ಯೆಗಳ ನಿಯಮವಿದು. ಪ್ರತಿ ಸಲವೂ ಹೆಚ್ಚಳ 9.8 ಸೆಂ.ಮೀ. ಗುರುತ್ವ ವೇಗೋತ್ಕರ್ಷ ಇಲ್ಲಿಯೇ ಸಿಗುತ್ತದೆ. ಬಿಡಿಚಿತ್ರಗಳನ್ನು ಅಳೆಯಲು 'ಟ್ರ್ಯಾಕರ್' ಎಂಬ ಉಚಿತ ತಂತ್ರಾಂಶವಿದೆ.

ಇನ್ನು ಎಸೆದ ಚೆಂಡು. 'ತುದಿಯಲ್ಲಿ ಯಾವ ಬಲವೂ ಇಲ್ಲ' ಎಂದು ನಿರೂಪಕ ಹೇಳುತ್ತಿದ್ದಂತೆ ಕ್ಯಾಮೆರಾ ಹಿಡಿದವನು ಕೇಳಿದ: 'ಮತ್ತೆ ಅದು ಕೆಳಗೆ ಬರುವುದು ಯಾಕೆ ಮಾರಾಯ?' ಚಿತ್ರೀಕರಣ ನಿಂತಿತು. ಬಿಡಿಚಿತ್ರಗಳನ್ನು ಅಳೆದಾಗ ತುದಿಯ ಆಚೀಚೆ ಚೆಂಡು ಸಾಗಿದ ದೂರ ಹೀಗಿತ್ತು: ಮೇಲಕ್ಕೆ ಸುಮಾರು 14.7, 4.9, ಕೆಳಕ್ಕೆ 4.9, 14.7 ಸೆಂ.ಮೀ. ಮೇಲ್ಮುಖವನ್ನು ಧನವೆಂದು ಎಣಿಸಿದರೆ ಪ್ರತಿ ಹೆಜ್ಜೆಗೂ 9.8ರ ಇಳಿಕೆ, ತುದಿಯಲ್ಲೂ ಅದಕ್ಕೆ ವಿರಾಮವಿಲ್ಲ. ಅಲ್ಲಿ ವೇಗವೂ ವೇಗೋತ್ಕರ್ಷವೂ ಸೊನ್ನೆಯಾಗಿಯೇ ಉಳಿದಿದ್ದರೆ ಚೆಂಡು ಅಲ್ಲೇ ನಿಲ್ಲುತ್ತಿತ್ತು!

ಮುಂದೆ 'ವೆರಿಟಾಸಿಯಂ' ವಿಡಿಯೊಗಳಿಂದ ಪ್ರಸಿದ್ಧರಾದ ಡೆರೆಕ್ ಮುಲ್ಲರ್, ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಪೂರೈಸಿದ ಡಾಕ್ಟರೇಟ್ ಸಂಶೋಧನೆಯಲ್ಲಿ ಇದಕ್ಕೆ ಹತ್ತಿರದ ಸಂಗತಿಯೊಂದನ್ನು ಕಂಡರು. ಸರಿಯಾದ ವಿವರಣೆಯನ್ನಷ್ಟೇ ನೀಡುವ ವಿಡಿಯೊ ನೋಡಿದವರಿಗಿಂತ, ತಪ್ಪು ತಿಳುವಳಿಕೆಯನ್ನು ಎತ್ತಿ ತೋರಿಸಿ ತಿದ್ದುವ ವಿಡಿಯೊ ನೋಡಿದವರು ಹೆಚ್ಚು ಕಲಿತಿದ್ದರು.

ಎಚ್ಚರಿಕೆಯೂ ಬೇಕು. ಕೆಲವು ಫೋನುಗಳಲ್ಲಿ ಮಂದ ಬೆಳಕಿದ್ದಾಗ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆ ಇಳಿಯುತ್ತದೆ. ಹಿನ್ನೆಲೆ ಸಂಗೀತ, ಶೀರ್ಷಿಕೆಗಳ ಅಲಂಕಾರಕ್ಕೇ ಸಮಯ ಕಳೆಯಬಾರದು. ಅಧ್ಯಾಪಕರು ಅಂಕ ಕೊಡಬೇಕಾದುದು ಅಳತೆಗೆ ಮತ್ತು ವಿವರಣೆಗೆ.

ನಮ್ಮ ತಂಡ ನಿರೂಪಕನ ತಪ್ಪು ಮಾತನ್ನು ಅಳಿಸಲಿಲ್ಲ. ಅದನ್ನೂ ಗೆಳೆಯನ ಪ್ರಶ್ನೆಯನ್ನೂ ಪಾಠದ ಆರಂಭಕ್ಕೇ ಜೋಡಿಸಿತು.